ಹಳೆಯ ಸ್ನ್ಯಾಪ್‌ಶಾಟ್ ಅಳಿಸಿದರೆ ಅದರ ಮೇಲೆ ನಿಂತವು ಬೀಳುತ್ತವೆಯೇ?

ಪಾಸ್‌ಬುಕ್ | ಗದಗ | ಸೋಮವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ರೋಣ, ನರಗುಂದ ಭಾಗದ ಕೆಲವು ಪತ್ತಿನ ಸಹಕಾರಿ ಸಂಘಗಳ ಲೆಕ್ಕದ ತಂತ್ರಾಂಶವನ್ನು ನಾನು ಮತ್ತು ನನ್ನ ಜೊತೆಗಾರ ನೋಡಿಕೊಳ್ಳುತ್ತೇವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರಿನ ಸುತ್ತ ನೀರು ನುಗ್ಗಿತಲ್ಲ, ಆಗ ಒಂದು ಸಂಘದ ಕಂಪ್ಯೂಟರ್, ಯುಪಿಎಸ್, ಅವುಗಳ ಪಕ್ಕದಲ್ಲೇ ಇಟ್ಟಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಮೂರೂ ಒಂದೇ ಕೆಸರಿನಲ್ಲಿ ಸಿಕ್ಕವು. ಖಾತೆ ಪುಸ್ತಕಗಳು ಅಟ್ಟದ ಮೇಲಿದ್ದವು, ಹಾಗಾಗಿ ಬದುಕಿಕೊಂಡೆವು. ನಾಲ್ಕು ತಿಂಗಳ ಲೆಕ್ಕವನ್ನು ಕೈಯಿಂದ ಮತ್ತೆ ತುಂಬಿದ ಮೇಲೆ ಎಲ್ಲವನ್ನೂ ಅಮೆಜಾನ್ ಕ್ಲೌಡಿನ ಮುಂಬೈ ರೀಜನ್ನಿಗೆ (ಅವರ ಡೇಟಾ ಕೇಂದ್ರಗಳಿರುವ ಪ್ರದೇಶಕ್ಕೆ) ಸಾಗಿಸಿದೆವು.

ಈಗ ಇರುವುದು ಇಷ್ಟು. ಒಂದು ಸರ್ವರ್, ಅದಕ್ಕೆ 200 ಜಿಬಿಯ ಇಬಿಎಸ್ ವಾಲ್ಯೂಮ್ (ಅಮೆಜಾನ್ ಬಾಡಿಗೆಗೆ ಕೊಡುವ ಡಿಸ್ಕ್), ಅದರಲ್ಲಿ ತುಂಬಿರುವುದು 110 ಜಿಬಿ. ದಿನಾ ರಾತ್ರಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯಲ್ಲಿ ಡಿಸ್ಕ್ ಇದ್ದ ಹಾಗೆಯೇ ತೆಗೆದ ಪ್ರತಿ. 90 ದಿನ ಇಟ್ಟುಕೊಳ್ಳುತ್ತೇವೆ. ಕನ್ಸೋಲಿನಲ್ಲಿ (ಅಮೆಜಾನ್ ಖಾತೆಯ ನಿರ್ವಹಣಾ ಪುಟದಲ್ಲಿ) ನೋಡಿದರೆ ಪ್ರತಿಯೊಂದರ ಮುಂದೆಯೂ 200 ಜಿಬಿ ಎಂದಿದೆ. ತೊಂಬತ್ತನ್ನು ಇನ್ನೂರರಿಂದ ಗುಣಿಸಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಸ್ನ್ಯಾಪ್‌ಶಾಟಿನ ಬಾಬತ್ತೇ ತಿಂಗಳಿಗೆ ನೂರು ಡಾಲರ್ ದಾಟಿದೆ. ಒಂದು ಸಂಘದ ಅಧ್ಯಕ್ಷರು ಬಿಲ್ ನೋಡಿ, ‘ಇಷ್ಟು ದುಡ್ಡಿಗೆ ರಾತ್ರಿ ಕಾವಲಿಗೆ ಒಬ್ಬ ಮನುಷ್ಯನನ್ನೇ ಇಡಬಹುದಿತ್ತು’ ಎಂದರು.

ಮೊದಲನೆಯ ಸ್ನ್ಯಾಪ್‌ಶಾಟ್ ಪೂರ್ತಿ ಇರುತ್ತದೆ, ಮುಂದಿನವು ಬದಲಾದಷ್ಟನ್ನೇ ಹಿಡಿಯುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಹಳೆಯದನ್ನು ಅಳಿಸಿದಾಗ ಅದರ ಮೇಲೆ ನಿಂತವು ಕುಸಿಯುವುದಿಲ್ಲವೇ? ಅಳಿಸದೆ ಬಿಲ್ ಇಳಿಸುವ ದಾರಿ ಇದೆಯೇ?

ಏಲಕ್ಕಿ ಹಾರ | ಹಾವೇರಿ | ಸೋಮವಾರ, ರಾತ್ರಿ 11:05

ಎಲ್ಲವನ್ನೂ ಆರ್ಕೈವ್‌ಗೆ, ಅಂದರೆ ಅಪರೂಪಕ್ಕೆ ತೆಗೆಯುವ ಪ್ರತಿಗಳ ಅಗ್ಗದ ಉಗ್ರಾಣಕ್ಕೆ, ಹಾಕಿಬಿಡಿ ಅಣ್ಣಾ. ಸಾಮಾನ್ಯ ದರ ತಿಂಗಳಿಗೆ ಜಿಬಿಗೆ 0.05 ಡಾಲರ್ ಆದರೆ ಆರ್ಕೈವ್ ದರ 0.0125. ನೇರವಾಗಿ ಕಾಲು ಭಾಗ. ಐದು ನಿಮಿಷದ ಕೆಲಸ.

ಉಣಕಲ್ ದಂಡೆ | ಹುಬ್ಬಳ್ಳಿ | ಸೋಮವಾರ, ರಾತ್ರಿ 11:31

ಪಾಸ್‌ಬುಕ್ ಅವರೇ, ಇವತ್ತು ರಾತ್ರಿ ದಯವಿಟ್ಟು ಯಾವುದನ್ನೂ ಆರ್ಕೈವ್‌ಗೆ ಹಾಕಬೇಡಿ. ಆರ್ಕೈವ್‌ಗೆ ಹೋದ ಕೂಡಲೇ ಸ್ನ್ಯಾಪ್‌ಶಾಟ್ ತನ್ನ ಪಾಲಿನ ಬದಲಾವಣೆಯಷ್ಟೇ ಆಗಿ ಉಳಿಯುವುದಿಲ್ಲ, ಪೂರ್ತಿ ಪ್ರತಿಯಾಗುತ್ತದೆ. ನಿಮ್ಮ ತೊಂಬತ್ತನ್ನೂ ಹಾಕಿದರೆ 90 ಸಲ 110, ಅಂದರೆ 9,900 ಜಿಬಿ. 0.0125ರಿಂದ ಗುಣಿಸಿ, ಸುಮಾರು 124 ಡಾಲರ್. ಈಗಿನದಕ್ಕಿಂತ ಹೆಚ್ಚು! ಅದರ ಮೇಲೆ ಕನಿಷ್ಠ 90 ದಿನದ ಬಾಡಿಗೆ ಕಟ್ಟಲೇಬೇಕು, ಹೊರಗೆ ತೆಗೆಯಲು 72 ಗಂಟೆಯವರೆಗೂ ಕಾಯಬೇಕಾಗಬಹುದು. ವರ್ಷಕ್ಕೊಂದು ಪ್ರತಿಯನ್ನು ಎತ್ತಿಡಲು ಅದು ಸರಿ, ದಿನದ ಪ್ರತಿಗಳಿಗೆ ಅಲ್ಲ. ಏಲಕ್ಕಿ ಹಾರ ಅವರೇ, ಬೇಸರಿಸಬೇಡಿ, ನಾನೂ ಒಮ್ಮೆ ಹೀಗೆಯೇ ಮಾಡಿ ಬೈಸಿಕೊಂಡಿದ್ದೇನೆ.

ಅಳಿಸುವುದರ ಬಗ್ಗೆ: ಕುಸಿಯುವುದಿಲ್ಲ. ‘ಮೇಲೆ ನಿಂತಿವೆ’ ಎಂಬ ಚಿತ್ರವೇ ಸರಿಯಿಲ್ಲ. ಅಣ್ಣತಮ್ಮಂದಿರ ಹೆಸರೆಲ್ಲ ಇರುವ ಜಂಟಿ ಹೊಲದ ಉತಾರವನ್ನು ನೆನೆಸಿಕೊಳ್ಳಿ. ಡಿಸ್ಕಿನ ಪ್ರತಿಯೊಂದು ಬ್ಲಾಕಿಗೂ, ಅಂದರೆ ಸಣ್ಣ ತುಂಡಿಗೂ, ಅಂಥ ಉತಾರವಿದೆ, ಅದರಲ್ಲಿ ಆ ಬ್ಲಾಕ್ ಬೇಕಾದ ಸ್ನ್ಯಾಪ್‌ಶಾಟುಗಳ ಹೆಸರಿವೆ. ಒಂದನ್ನು ಅಳಿಸಿದರೆ ಒಂದು ಹೆಸರು ಕಡಿಮೆಯಾಯಿತು ಅಷ್ಟೇ. ಯಾರ ಹೆಸರೂ ಉಳಿಯದ ಬ್ಲಾಕ್ ಮಾತ್ರ ನಿಜವಾಗಿ ಹೋಗುತ್ತದೆ. ಆದ್ದರಿಂದಲೇ ಮೊದಲನೆಯದನ್ನು ಅಳಿಸಿದರೂ ಬಿಲ್ ನೀವು ಎಣಿಸಿದಷ್ಟು ಇಳಿಯುವುದಿಲ್ಲ. ಕನ್ಸೋಲಿನಲ್ಲಿ ಕಾಣುವ 200 ಜಿಬಿ ವಾಲ್ಯೂಮಿನ ಅಳತೆ, ಸ್ನ್ಯಾಪ್‌ಶಾಟಿನದ್ದಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ದಿನಕ್ಕೆ ನಿಮ್ಮಲ್ಲಿ ಎಷ್ಟು ಬದಲಾಗುತ್ತಿದೆ? ಪತ್ತಿನ ಸಂಘಗಳ ವ್ಯವಹಾರ ದಿನಕ್ಕೆ ಒಂದೆರಡು ಜಿಬಿ ಮೀರಲಿಕ್ಕಿಲ್ಲ. ನೂರು ಡಾಲರ್ ಆಗಿದೆ ಎಂದರೆ ಆ ವಾಲ್ಯೂಮಿನ ಮೇಲೆ ರಾತ್ರಿ ಬೇರೆ ಯಾರೋ ದೊಡ್ಡದಾಗಿ ಬರೆಯುತ್ತಿದ್ದಾರೆ. ಎರಡು ಸ್ನ್ಯಾಪ್‌ಶಾಟುಗಳ ನಡುವೆ ಬದಲಾದ ಬ್ಲಾಕುಗಳನ್ನು ಎಣಿಸಿಕೊಡುವ ಸೌಲಭ್ಯ ಇಬಿಎಸ್‌ನಲ್ಲಿಯೇ ಇದೆ. ಒಂದೊಂದು ಬ್ಲಾಕ್ 512 ಕೆಬಿ. ಎಣಿಸಿ ಗುಣಿಸಿ ಹೇಳಿ. ಇನ್ನೊಂದು ಮಾತು, ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಟೇಬಲ್ಲುಗಳನ್ನು ಡಿಸ್ಕಿಗೆ ಬರೆಯುವ ಭಾಗವಾದ ಇನ್ನೋಡಿಬಿ ಒಂದು ಪುಟಕ್ಕೆ 16 ಕೆಬಿ ಬರೆದರೂ ಸ್ನ್ಯಾಪ್‌ಶಾಟ್ ಆ 512 ಕೆಬಿಯನ್ನು ಪೂರ್ತಿ ಹೊತ್ತೊಯ್ಯುತ್ತದೆ. ಚದುರಿದಂತೆ ಬರೆಯುವ ಡೇಟಾಬೇಸಿಗೆ ಇದು ದುಬಾರಿ.

ಪಾಸ್‌ಬುಕ್ | ಗದಗ | ಮಂಗಳವಾರ, ಬೆಳಿಗ್ಗೆ 9:20

ಅಕ್ಕನವರೇ, ಎಣಿಸಿದೆ. ದಿನಕ್ಕೆ ಸುಮಾರು 24 ಜಿಬಿ ಬರುತ್ತಿದೆ. ನನಗೇ ನಂಬಿಕೆ ಬರಲಿಲ್ಲ. ರಾತ್ರಿ ಒಂದು ಗಂಟೆಗೆ ಡೇಟಾಬೇಸಿನ ಡಂಪ್, ಅಂದರೆ ಅದರಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಇಳಿಸಿದ ಪ್ರತಿ, ತೆಗೆಯುತ್ತೇವೆ, 18 ಜಿಬಿ. ಅದನ್ನು ಕುಗ್ಗಿಸಿ 4 ಜಿಬಿ ಮಾಡಿ, ದೊಡ್ಡದನ್ನು ಅಳಿಸುತ್ತೇವೆ. ಎರಡು ಗಂಟೆಗೆ ಸ್ನ್ಯಾಪ್‌ಶಾಟ್. ದೊಡ್ಡದನ್ನು ಆಗಲೇ ಅಳಿಸಿರುತ್ತೇವಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ.

ಉಣಕಲ್ ದಂಡೆ | ಹುಬ್ಬಳ್ಳಿ | ಮಂಗಳವಾರ, ಬೆಳಿಗ್ಗೆ 9:48

ಸಿಕ್ಕಿತು ನೋಡಿ. ನೀವು ಫೈಲ್ ಅಳಿಸಿದ್ದು ಫೈಲ್ ಸಿಸ್ಟಮ್ಮಿಗೆ (ಯಾವ ಫೈಲ್ ಎಲ್ಲಿದೆ ಎಂದು ನೋಡಿಕೊಳ್ಳುವ ಪದರಕ್ಕೆ) ಗೊತ್ತು, ಕೆಳಗಿನ ವಾಲ್ಯೂಮಿಗೆ ಗೊತ್ತಿಲ್ಲ. ಆ ಬ್ಲಾಕುಗಳ ಮೇಲೆ ಬರೆದದ್ದಷ್ಟೇ ಅದಕ್ಕೆ ಕಾಣುತ್ತದೆ. 18 ಮತ್ತು 4 ಸೇರಿ 22, ನಿಮ್ಮ ನಿಜವಾದ ವ್ಯವಹಾರ 2. ತೊಂಬತ್ತು ದಿನಕ್ಕೆ 2,160, ಮೊದಲ ಪ್ರತಿಯ 110 ಸೇರಿದರೆ 2,270 ಜಿಬಿ. ಬಿಲ್ಲಿನೊಂದಿಗೆ ತಾಳೆಯಾಗುತ್ತದೆ. ಬ್ಯಾಕಪ್ಪಿನ ಬ್ಯಾಕಪ್ ತೆಗೆಯಲು ದುಡ್ಡು ಕಟ್ಟುತ್ತಿದ್ದೀರಿ.

ಡಂಪನ್ನು ಡಿಸ್ಕಿಗೆ ಇಳಿಸಲೇಬೇಡಿ. ಹೊರಬರುತ್ತಿದ್ದಂತೆ ಕುಗ್ಗಿಸಿ ನೇರವಾಗಿ ಎಸ್3 ಬಕೆಟ್ಟಿಗೆ (ಅಮೆಜಾನ್‌ನ ಫೈಲ್ ಉಗ್ರಾಣಕ್ಕೆ) ಕಳಿಸಿ. ಆಗ ತೊಂಬತ್ತು ದಿನಕ್ಕೆ 290 ಜಿಬಿ, ಹದಿನೈದು ಡಾಲರಿನೊಳಗೆ. ಅಧ್ಯಕ್ಷರಿಗೆ ಕಾವಲುಗಾರನನ್ನು ಇಡಲು ದುಡ್ಡು ಉಳಿಯಿತು.

ಹಗೇವು | ಧಾರವಾಡ | ಮಂಗಳವಾರ, ಮಧ್ಯಾಹ್ನ 3:15

ಬಿಲ್ಲಿನ ಲೆಕ್ಕ ಚೆನ್ನಾಗಿ ಬಿಡಿಸಿದ್ದೀರಿ ತಂಗಿ. ಆದರೆ ಇಷ್ಟುದ್ದ ಚರ್ಚೆಯಲ್ಲಿ ಯಾರೂ ಕೇಳದ ಮಾತೊಂದಿದೆ. ಪಾಸ್‌ಬುಕ್ ಅವರು ಆ ತೊಂಬತ್ತರಲ್ಲಿ ಒಂದನ್ನಾದರೂ ಮರಳಿ ತೆರೆದು ನೋಡಿದ್ದಾರೆಯೇ?

ನನ್ನ ಈ ಹೆಸರೇಕೆ ಎಂದು ಕೇಳುವವರಿದ್ದಾರೆ, ಹೇಳಿಬಿಡುತ್ತೇನೆ. ನಮ್ಮ ಊರಿನ ಮನೆಯ ಮುಂದೆ ನೆಲದೊಳಗೆ ಹಗೇವು ಇತ್ತು. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ದಿನ ಎಲ್ಲರ ಜೋಳವೂ ಚೆನ್ನಾಗಿಯೇ ಇರುತ್ತಿತ್ತು. ನೀರು ಇಳಿದದ್ದು, ಹುಳ ಬಿದ್ದದ್ದು ತೆಗೆದ ದಿನವೇ ತಿಳಿಯುತ್ತಿತ್ತು. ತೆಗೆದ ಕೂಡಲೇ ಯಾರೂ ಇಳಿಯುತ್ತಲೂ ಇರಲಿಲ್ಲ. ಮೊದಲು ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಈಗಿನ ಹುಡುಗರು ಮುಚ್ಚುವುದನ್ನು ಬಹಳ ಚೆನ್ನಾಗಿ ಕಲಿತಿದ್ದಾರೆ.

2017ರ ಜನವರಿ 31ರಂದು, ತಂತ್ರಾಂಶ ಬರೆಯುವವರು ಕೋಡ್ ಇಡುವ ಗಿಟ್‌ಲ್ಯಾಬ್ ತಾಣದಲ್ಲಿ ಆದದ್ದನ್ನು ಅವರೇ ಬಿಚ್ಚಿ ಬರೆದಿದ್ದಾರೆ. ದಣಿದ ಎಂಜಿನಿಯರ್ ಎರಡನೆಯ ಸರ್ವರಿನ ಡೇಟಾ ಅಳಿಸುತ್ತಿದ್ದೇನೆಂದುಕೊಂಡು ಮುಖ್ಯ ಸರ್ವರಿನದ್ದನ್ನೇ ಅಳಿಸಿದ. ಬ್ಯಾಕಪ್ಪಿನ ಐದು ದಾರಿಗಳಿದ್ದವು. ಡಂಪ್ ತೆಗೆಯುವ ಉಪಕರಣದ ಆವೃತ್ತಿಗೂ ಡೇಟಾಬೇಸಿನ ಆವೃತ್ತಿಗೂ ಹೊಂದಿಕೆಯಿಲ್ಲದೆ ಡಂಪ್ ಎಂದೋ ನಿಂತುಹೋಗಿತ್ತು. ನಿಂತಿದೆ ಎಂದು ತಿಳಿಸುವ ಇಮೇಲುಗಳು ತಿರಸ್ಕೃತವಾಗುತ್ತಿದ್ದವು. ಡಿಸ್ಕ್ ಸ್ನ್ಯಾಪ್‌ಶಾಟನ್ನು ಡೇಟಾಬೇಸ್ ಸರ್ವರಿಗೆ ಚಾಲೂ ಮಾಡಿಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮೊದಲು ಪರೀಕ್ಷೆಯ ಕೆಲಸಕ್ಕೆಂದು ಯಾರೋ ಕೈಯಿಂದ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಯ ಡೇಟಾ ಹೋಯಿತು.

ನನ್ನ ಸಲಹೆ ಎರಡೇ. ಒಂದು, ತೆರೆದು ನೋಡಿ. ಎರಡು, ತಿಂಗಳಿಗೊಮ್ಮೆ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಬ್ಯಾಂಕ್ ಲಾಕರಿನಲ್ಲಿ ಇಡಿ. ನಾವು ಟೇಪುಗಳನ್ನು ಹಾಗೆಯೇ ಇಡುತ್ತಿದ್ದೆವು.

ಏಲಕ್ಕಿ ಹಾರ | ಹಾವೇರಿ | ಮಂಗಳವಾರ, ಸಂಜೆ 6:02

ಕಾಕಾ ಅವರೇ, ಗೌರವದಿಂದಲೇ ಹೇಳುತ್ತೇನೆ, ಲಾಕರಿನ ಕಾಲ ಮುಗಿಯಿತು. ಕ್ಲೌಡಿನವರೇ ಹಲವು ಪ್ರತಿ ಇಟ್ಟಿರುತ್ತಾರೆ. ಸಾಮಾನ್ಯ ಇಬಿಎಸ್ ವಾಲ್ಯೂಮ್ ವರ್ಷದಲ್ಲಿ ಕೆಡುವ ಸಂಭವ 0.1ರಿಂದ 0.2 ಪ್ರತಿಶತ ಎಂದು ಅವರೇ ಬರೆದಿದ್ದಾರೆ. ಸ್ನ್ಯಾಪ್‌ಶಾಟ್ ಇರುವುದು ಎಸ್3ರಲ್ಲಿ, ಅದು ಇನ್ನೂ ಗಟ್ಟಿ. ಲಾಕರಿನಲ್ಲಿಟ್ಟ ಡಿಸ್ಕ್ ಎರಡು ವರ್ಷದ ಮೇಲೆ ತಿರುಗುತ್ತದೆಯೇ?

ಹಗೇವು | ಧಾರವಾಡ | ಮಂಗಳವಾರ, ಸಂಜೆ 7:40

ತಿರುಗದಿದ್ದರೆ ಅದೂ ತೆರೆದು ನೋಡಿದಾಗ ತಿಳಿಯುತ್ತದೆ ತಮ್ಮಾ. ಮುಂದಿನ ಮಾತು: 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಫೈಲುಗಳಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ಹೋಯಿತು. ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ಅವರಿಗೂ ‘ನಮ್ಮದು ಗಟ್ಟಿ’ ಎಂಬ ನಂಬಿಕೆಯೇ ಇತ್ತು.

ಉಣಕಲ್ ದಂಡೆ | ಹುಬ್ಬಳ್ಳಿ | ಮಂಗಳವಾರ, ರಾತ್ರಿ 10:10

ಲಾಕರ್ ಜಗಳದಲ್ಲಿ ನಾನು ಅರ್ಧ ಕಾಕಾ ಅವರ ಕಡೆ. ಡಿಸ್ಕ್ ಬೇಡ ಎನ್ನುತ್ತೇನೆ, ಆದರೆ ಲಾಕರ್ ಎಂಬ ವಿಚಾರ ಸರಿಯಾಗಿಯೇ ಇದೆ. ಡಿಸ್ಕ್ ಕೆಡುವುದು ಈಗ ದೊಡ್ಡ ಭಯವಲ್ಲ. ಮನೆಯ ಬೀಗದ ಕೈ ಮತ್ತು ತಿಜೋರಿಯ ಬೀಗದ ಕೈ ಒಂದೇ ಗೊಂಚಲಿನಲ್ಲಿರುವುದೇ ಭಯ. 2014ರ ಜೂನಿನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಖಾತೆಗೆ ಒಬ್ಬ ನುಗ್ಗಿ ಹಣ ಕೇಳಿದ. ಕೊಡದೆ ಅವನನ್ನು ಹೊರಹಾಕಲು ಹೋದಾಗ ಸ್ನ್ಯಾಪ್‌ಶಾಟುಗಳು, ಬಕೆಟ್ಟುಗಳು, ಸರ್ವರಿನ ಇಮೇಜುಗಳು ಎಲ್ಲವನ್ನೂ ಅಳಿಸುತ್ತ ಬಂದ. ಹನ್ನೆರಡು ಗಂಟೆಯ ಕತೆ. ಕಂಪನಿಯೇ ಮುಚ್ಚಿತು. ಅವರ ಬ್ಯಾಕಪ್ಪುಗಳೂ ಅದೇ ಖಾತೆಯ ಅಡಿಯಲ್ಲೇ ಇದ್ದವು.

ಪಾಸ್‌ಬುಕ್ ಅವರೇ, ಇನ್ನೊಂದು ಖಾತೆ ತೆರೆಯಿರಿ. ದಿನದ ಸ್ನ್ಯಾಪ್‌ಶಾಟನ್ನು ಅದಕ್ಕೆ ಹಂಚಿ, ಆ ಖಾತೆಯ ಒಳಗೆ ಹೈದರಾಬಾದ್ ರೀಜನ್ನಿಗೆ ನಕಲು ಮಾಡಿಸಿ. ನೆನಪಿಡಿ, ಅಮೆಜಾನ್ ತಾನಾಗಿ ಕೊಡುವ ಕೀಯಿಂದ ಗೂಢಲಿಪಿ ಮಾಡಿದ ಸ್ನ್ಯಾಪ್‌ಶಾಟನ್ನು ಬೇರೆ ಖಾತೆಗೆ ಹಂಚಲು ಬರುವುದಿಲ್ಲ. ನೀವೇ ಸೃಷ್ಟಿಸಿದ ಕೀ ಬೇಕು, ಮತ್ತು ನಕಲು ಮಾಡುವಾಗ ಆ ಖಾತೆಯ ಸ್ವಂತ ಕೀಗೆ ಬದಲಿಸಬೇಕು. ಇಲ್ಲವಾದರೆ ಮೊದಲ ಖಾತೆಯ ಕೀ ಹೋದ ದಿನ ಎರಡನೆಯ ಖಾತೆಯ ಪ್ರತಿಯೂ ಕಲ್ಲಾಗುತ್ತದೆ. ಕೀ ಅಳಿಸಲು ಕೇಳಿದರೂ 7ರಿಂದ 30 ದಿನದ ಕಾಯುವ ಅವಧಿ ಇದೆ ಎಂಬುದೊಂದೇ ಸಮಾಧಾನ. ಸ್ನ್ಯಾಪ್‌ಶಾಟಿಗೂ ರೀಸೈಕಲ್ ಬಿನ್ ಇದೆ, ನಿಯಮ ಹಾಕಿದರೆ ಅಳಿಸಿದ್ದೂ ಕೆಲವು ದಿನ ಅಲ್ಲೇ ಬಿದ್ದಿರುತ್ತದೆ. ಮೊದಲು ಅದನ್ನು ಚಾಲೂ ಮಾಡಿ, ಆಮೇಲೆ ಹಳೆಯದನ್ನು ಅಳಿಸಲು ಕೈ ಹಾಕಿ.

ಲೆಕ್ಕಪತ್ರ | ಹುಬ್ಬಳ್ಳಿ | ಬುಧವಾರ, ಬೆಳಿಗ್ಗೆ 8:05

ತಂತ್ರಜ್ಞಾನ ನನಗೆ ತಿಳಿಯದು, ನಿಯಮ ತಿಳಿಯುತ್ತದೆ. ಓದುವವರಲ್ಲಿ ಕಂಪನಿ ನಡೆಸುವವರಿದ್ದರೆ: 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ, ಎಲೆಕ್ಟ್ರಾನಿಕ್ ರೂಪದ ಲೆಕ್ಕ ಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು. ಮೊದಲು ‘ನಿಯತಕಾಲಕ್ಕೆ’ ಎಂದಿತ್ತು. ಸಹಕಾರಿ ಸಂಘಗಳಿಗೆ ಬೇರೆ ಕಾಯ್ದೆ, ಅದನ್ನು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಅಗ್ಗವೆಂದು ಸಿಂಗಪುರದಲ್ಲಿಟ್ಟ ಗಿರಾಕಿಯೊಬ್ಬರು ನನಗಿದ್ದಾರೆ.

ಉಣಕಲ್ ದಂಡೆ | ಹುಬ್ಬಳ್ಳಿ | ಬುಧವಾರ, ಬೆಳಿಗ್ಗೆ 8:30

ಮುಂಬೈ ರೀಜನ್ 2016ರಿಂದ ಇದೆ, ಹೈದರಾಬಾದ್ 2022ರ ನವೆಂಬರಿನಿಂದ. ಎರಡೂ ದೇಶದೊಳಗೇ ಇರುವುದರಿಂದ ನಿಮ್ಮ ಗಿರಾಕಿಗೆ ಈಗ ನೆಪವಿಲ್ಲ ಎಂದು ಹೇಳಿ ಸರ್.

ಪಾಸ್‌ಬುಕ್ | ಗದಗ | ಭಾನುವಾರ, ರಾತ್ರಿ 9:55

ಕಾಕಾ ಅವರ ಪ್ರಶ್ನೆಗೆ ಉತ್ತರ: ತೆರೆದು ನೋಡಿರಲಿಲ್ಲ. ಒಮ್ಮೆಯೂ ಇಲ್ಲ. ನಿನ್ನೆ ಎರಡನೆಯ ಶನಿವಾರ, ಸಂಘಗಳಿಗೆ ರಜೆ. ಬೆಳಿಗ್ಗೆ ಕುಳಿತವರು ಸಂಜೆಗೆ ಎದ್ದೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಗುವವರು ನಗಲಿ.

ಶುಕ್ರವಾರ ರಾತ್ರಿಯ ಸ್ನ್ಯಾಪ್‌ಶಾಟಿನಿಂದ ಹೊಸ ವಾಲ್ಯೂಮ್ ಮಾಡಿದೆವು. ಒಂದೆರಡು ನಿಮಿಷದಲ್ಲಿ ಸಿದ್ಧ ಎಂದಿತು, ಹಿಗ್ಗಿದೆವು. ಪಕ್ಕಕ್ಕಿರಲಿ ಎಂದು ಅದನ್ನು ಅದೇ ಸರ್ವರಿಗೆ ಜೋಡಿಸಿದರೆ ಮೌಂಟ್ ಆಗಲೇ ಇಲ್ಲ, ಅಂದರೆ ಫೈಲುಗಳು ತೆರೆದುಕೊಳ್ಳಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ನಮ್ಮದು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ಹಳೆಯದಕ್ಕೂ ಅದರ ನಕಲಿಗೂ ಗುರುತಿನ ಸಂಖ್ಯೆ ಒಂದೇ ಆದ್ದರಿಂದ ಎರಡನೆಯದನ್ನು ಒಳಗೆ ಬಿಡುವುದಿಲ್ಲ. ‘ನೋಯುಯುಐಡಿ’ ಎಂಬ ಆಯ್ಕೆ ಕೊಟ್ಟ ಮೇಲೆ ಬಿಟ್ಟಿತು. ಆಮೇಲೆ ಬೇರೆಯದೇ ಒಂದು ಸರ್ವರಿಗೆ ಹಾಕಿದೆವು, ಮೊದಲೇ ಹಾಗೆ ಮಾಡಬೇಕಿತ್ತು.

ಡೇಟಾಬೇಸ್ ಎದ್ದಿತು. ಒಬ್ಬ ಸದಸ್ಯರ ಖಾತೆ ತೆರೆಯಲು ನಲವತ್ತು ಸೆಕೆಂಡ್. ಎರಡನೆಯ ಸಲ ತಕ್ಷಣ ಬಂತು, ಮತ್ತೊಬ್ಬರದ್ದು ಮತ್ತೆ ನಲವತ್ತು. ಇದೇಕೆ?

ಆಮೇಲೆ ದಿನವಹಿ ಟೇಬಲ್ ಕೆಟ್ಟಿದೆ ಎಂದು ತೋರಿಸಿತು. ಆ ತಂತ್ರಾಂಶ ಬಹಳ ಹಳೆಯದು, ಕೆಲವು ಟೇಬಲ್ಲುಗಳು ಇನ್ನೂ ಮೈಐಸಾಮ್ ಎಂಬ ಹಳೆಯ ಮಾದರಿಯಲ್ಲಿವೆ. ಎರಡು ಗಂಟೆಯ ಹೊತ್ತಿಗೆ ಬಡ್ಡಿ ಲೆಕ್ಕ ಹಾಕುವ ಕೆಲಸ ಓಡುತ್ತಿರುತ್ತದೆ, ಅದರ ನಡುವೆಯೇ ಸ್ನ್ಯಾಪ್‌ಶಾಟ್ ಬಿದ್ದಿದೆ. ರಿಪೇರಿ ಮಾಡಿದ ಮೇಲೆ ಸರಿಹೋಯಿತು. ತಮಾಷೆಯೆಂದರೆ ಸ್ನ್ಯಾಪ್‌ಶಾಟಿಗೆ ಮೊದಲು ಟೇಬಲ್ಲುಗಳಿಗೆ ಬೀಗ ಹಾಕುವ ಸಾಲು ನಮ್ಮ ಸ್ಕ್ರಿಪ್ಟಿನಲ್ಲಿ ಇದೆ!

ಕೊನೆಯದು ಹೇಳಲು ನಾಚಿಕೆ. ಸದಸ್ಯರ ಸಹಿಯ ಕಾರ್ಡು, ಸಾಲದ ಪತ್ರಗಳ ಸ್ಕ್ಯಾನ್ ಪ್ರತಿಗಳಿರುವ ಫೋಲ್ಡರ್ ತೆರೆದರೆ ಖಾಲಿ. ಒಂದೇ ಒಂದು ಫೈಲ್ ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ವರ್ಷದ ಹಿಂದೆ ಜಾಗ ಸಾಲದೆ ನನ್ನ ಜೊತೆಗಾರ 60 ಜಿಬಿಯ ಇನ್ನೊಂದು ವಾಲ್ಯೂಮನ್ನು ಅದೇ ಫೋಲ್ಡರಿಗೆ ಜೋಡಿಸಿದ್ದ. ನಮ್ಮ ದಿನದ ಸ್ನ್ಯಾಪ್‌ಶಾಟ್ ನಡೆಯುವುದು ವಾಲ್ಯೂಮಿಗೆ ಅಂಟಿಸಿದ ಟ್ಯಾಗನ್ನು (ಗುರುತಿನ ಚೀಟಿಯನ್ನು) ನೋಡಿಕೊಂಡು. ಅವನು ಕೈಯಿಂದ ಮಾಡಿದ ಆ ವಾಲ್ಯೂಮಿಗೆ ಟ್ಯಾಗ್ ಇಲ್ಲ. ಮೊದಲ ದಿನ ಇಲ್ಲಿ ‘ಒಂದು ಸರ್ವರ್, ಒಂದು ವಾಲ್ಯೂಮ್’ ಎಂದು ಬರೆದವನೂ ನಾನೇ. ಎರಡು ವರ್ಷದಿಂದ ಆ ಪತ್ರಗಳಿಗೆ ಬ್ಯಾಕಪ್ಪೇ ಇರಲಿಲ್ಲ, ಮತ್ತು ನಾವು ಡಂಪಿನ ಡಂಪಿಗೆ ದುಡ್ಡು ಕಟ್ಟುತ್ತಿದ್ದೆವು.

ಉಣಕಲ್ ದಂಡೆ | ಹುಬ್ಬಳ್ಳಿ | ಭಾನುವಾರ, ರಾತ್ರಿ 10:50

ಇದಕ್ಕೆ ನಗುವವರು ಬ್ಯಾಕಪ್ ಮಾಡದವರು ಮಾತ್ರ.

ನಲವತ್ತು ಸೆಕೆಂಡಿನ ಗುಟ್ಟು: ವಾಲ್ಯೂಮ್ ಸಿದ್ಧ ಎಂದಾಗ ಅದರೊಳಗೆ ಡೇಟಾ ಇನ್ನೂ ಬಂದಿರುವುದಿಲ್ಲ. ನೀವು ಮುಟ್ಟಿದ ಬ್ಲಾಕ್ ಮಾತ್ರ ಆಗ ಎಸ್3ರಿಂದ ಇಳಿದು ಬರುತ್ತದೆ. ಆದ್ದರಿಂದ ಗಿರಾಕಿಗಳನ್ನು ಒಳಗೆ ಬಿಡುವ ಮೊದಲು ಇಡೀ ವಾಲ್ಯೂಮನ್ನು ಒಮ್ಮೆ ಓದಿಸಿಬಿಡಿ. ಬೇಗ ಬರಲಿ ಎಂದು ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್ ಚಾಲೂ ಮಾಡಿದರೆ ಅದಕ್ಕೆ ಗಂಟೆಗೆ 0.75 ಡಾಲರ್, ಆರಿಸಲು ಮರೆತರೆ ತಿಂಗಳಿಗೆ 540. ಮರೆತವರನ್ನು ಬಲ್ಲೆ.

ಬೀಗದ ಸಾಲಿನ ಬಗ್ಗೆ ಒಂದು ಊಹೆ. ಆ ಆಜ್ಞೆಯನ್ನು ಒಂದೇ ಸಾಲಿನ ಮೈಎಸ್‌ಕ್ಯೂಎಲ್ ಕರೆಯಾಗಿ ಬರೆದು, ಮುಂದಿನ ಸಾಲಿನಲ್ಲಿ ಸ್ನ್ಯಾಪ್‌ಶಾಟ್ ಕರೆದಿದ್ದೀರಿ ಅಲ್ಲವೇ? ಕರೆ ಮುಗಿದು ಸಂಪರ್ಕ ಕಡಿದ ಕ್ಷಣ ಬೀಗವೂ ಬಿಚ್ಚುತ್ತದೆ. ಬೀಗ ಹಾಕಿದ ಸಂಪರ್ಕವನ್ನು ತೆರೆದೇ ಇಟ್ಟುಕೊಂಡು, ಸ್ನ್ಯಾಪ್‌ಶಾಟ್ ಆರಂಭವಾಯಿತು ಎಂಬ ಉತ್ತರ ಬಂದ ಮೇಲೆ ಬಿಡಿ. ಮುಗಿಯುವವರೆಗೆ ಹಿಡಿಯಬೇಕಿಲ್ಲ, ಆರಂಭವಾದ ಗಳಿಗೆಯ ಚಿತ್ರವೇ ಅದರಲ್ಲಿರುತ್ತದೆ. ಇನ್ನು ಮೇಲೆ ಎರಡು ವಾಲ್ಯೂಮಿಗೂ ಒಂದೇ ಗಳಿಗೆಯಲ್ಲಿ ತೆಗೆಯಿರಿ. ಸರ್ವರನ್ನೇ ಗುರಿಯಾಗಿಟ್ಟರೆ ಅದಕ್ಕೆ ಜೋಡಿಸಿದ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತದೆ, ವಾಲ್ಯೂಮಿನ ಟ್ಯಾಗಿನ ಗೊಡವೆಯೇ ಇರುವುದಿಲ್ಲ. ಮತ್ತು ಆ ಮೈಐಸಾಮ್ ಟೇಬಲ್ಲುಗಳನ್ನು ಇನ್ನೋಡಿಬಿಗೆ ಬದಲಿಸಿ. 2010ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.5 ಆವೃತ್ತಿಯಿಂದಲೇ ಇನ್ನೋಡಿಬಿ ಮೂಲ ಆಯ್ಕೆ.

ಏಲಕ್ಕಿ ಹಾರ | ಹಾವೇರಿ | ಸೋಮವಾರ, ಬೆಳಿಗ್ಗೆ 7:15

ಇದನ್ನು ಓದಿ ರಾತ್ರಿಯೇ ನಮ್ಮದನ್ನೂ ತೆರೆದು ನೋಡಿದೆ. ಅಮೆಜಾನ್ ಅಲ್ಲ, ಬೇರೆ ಕ್ಲೌಡ್. ಡೇಟಾ ಬಂತು, ಪಾಸ್‌ವರ್ಡ್ ನೆನಪಿರಲಿಲ್ಲ. ಅದು ಮೂಲ ಸರ್ವರಿನ ಒಂದು ಫೈಲಿನಲ್ಲಿ ಮಾತ್ರ ಇದೆ. ಕಾಕಾ ಅವರೇ, ಕಂದೀಲು ಆರಿತು.

ಪಾಸ್‌ಬುಕ್ | ಗದಗ | ತಿಂಗಳ ನಂತರ, ಗುರುವಾರ, ರಾತ್ರಿ 8:30

ಚರ್ಚೆ ಹಳೆಯದಾಯಿತು, ಆದರೂ ಸಾಲ ತೀರಿಸಬೇಕು. ಡಂಪ್ ಈಗ ಡಿಸ್ಕಿಗೆ ಇಳಿಯುವುದಿಲ್ಲ. ತೊಂಬತ್ತು ದಿನದ ಬದಲು ಹದಿನಾಲ್ಕು ದಿನದ್ದು, ಎಂಟು ವಾರದ್ದು, ಹನ್ನೆರಡು ತಿಂಗಳದ್ದು ಇಟ್ಟಿದ್ದೇವೆ. ಹಳೆಯವನ್ನು ಅಳಿಸಿದೆವು, ಯಾವುದೂ ಕುಸಿಯಲಿಲ್ಲ. ಸ್ಕ್ಯಾನ್ ಪತ್ರಗಳೂ ಸೇರಿದವು. ಎರಡನೆಯ ಖಾತೆಯಲ್ಲಿ ಹೈದರಾಬಾದಿನ ಪ್ರತಿಯಿಂದ ಈ ತಿಂಗಳು ಎಬ್ಬಿಸಿ ನೋಡಿದೆವು. ಒಟ್ಟು ಎರಡೂಕಾಲು ಗಂಟೆ, ಅದರಲ್ಲಿ ಓದಿಸಲು ಹೋದದ್ದೇ ಹೆಚ್ಚು. ಅಧ್ಯಕ್ಷರಿಗೆ ಹೊಸ ಬಿಲ್ ತೋರಿಸಿದೆ. ‘ಮೊದಲೇ ಯಾಕೆ ಮಾಡಲಿಲ್ಲ’ ಎಂದರು.

ಹಗೇವು | ಧಾರವಾಡ | ಗುರುವಾರ, ರಾತ್ರಿ 9:10

ಸಂತೋಷ. ಎರಡನೆಯ ಖಾತೆಯ ಒಳಗೆ ಹೋಗಲು ಕೋಡ್ ಯಾರ ಮೊಬೈಲಿಗೆ ಬರುತ್ತದೆ?

ಪಾಸ್‌ಬುಕ್ | ಗದಗ | ಗುರುವಾರ, ರಾತ್ರಿ 9:14

ನನ್ನ ಜೊತೆಗಾರನ ಮೊಬೈಲಿಗೆ. ಅವನು ಈಗ ತುಂಗಭದ್ರೆಯ ದಂಡೆಯಲ್ಲಿ ಮಾವನ ಮನೆಯಲ್ಲಿದ್ದಾನೆ. ನೆಟ್‌ವರ್ಕ್ ಸಿಗುತ್ತಿಲ್ಲ.

ಉಣಕಲ್ ದಂಡೆ | ಹುಬ್ಬಳ್ಳಿ | ಗುರುವಾರ, ರಾತ್ರಿ 9:40

ಒಂದೇ ರೂಟ್ ಖಾತೆಗೆ (ಎಲ್ಲ ಅಧಿಕಾರವಿರುವ ಮೂಲ ಲಾಗಿನ್‌ಗೆ) ಎಂಟು ಎಂಎಫ್‌ಎ ಸಾಧನಗಳವರೆಗೆ, ಅಂದರೆ ಪಾಸ್‌ವರ್ಡಿನ ಮೇಲೆ ಎರಡನೆಯ ಪುರಾವೆ ಕೊಡುವ ಸಾಧನಗಳವರೆಗೆ, ಸೇರಿಸಬಹುದು. ಯುಎಸ್‌ಬಿಯಂತಿರುವ ಸೆಕ್ಯುರಿಟಿ ಕೀ ಎರಡು ಕೊಳ್ಳಿ. ಒಂದು ನಿಮ್ಮ ಬಳಿ. ಇನ್ನೊಂದನ್ನು, ಏನು ಮಾಡುವುದು, ಬ್ಯಾಂಕ್ ಲಾಕರಿನಲ್ಲಿ ಇಡಿ.

ಹಗೇವು | ಧಾರವಾಡ | ಗುರುವಾರ, ರಾತ್ರಿ 9:52

ಅದರ ಪಕ್ಕದಲ್ಲಿ ಒಂದು ಹಾರ್ಡ್ ಡಿಸ್ಕಿಗೂ ಜಾಗ ಆಗುತ್ತದೆ, ಅಳತೆ ನೋಡಿದ್ದೇನೆ.